ಗೋಡೆಗೆ ಕಿವಿ ಬಂದಾಗ

‘ಗೋಡೆಗೂ ಕಿವಿ ಇರುತ್ತೆ, ಮೆಲ್ಲಗೆ ಮಾತಾಡು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ನೀವೂ ಕೇಳಿರುತ್ತೀರಿ. ಆ ಕಿವಿ ಎಲ್ಲಿದೆ ಎಂದು ಮಾತ್ರ ಯಾರೂ ತೋರಿಸಿ ಕೊಟ್ಟಿರಲಿಲ್ಲ. ನಿಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆಯಿದ್ದರೆ, ಈ ಪತ್ರಿಕೆಯನ್ನು ಒಂದು ನಿಮಿಷ ಕೆಳಗಿಟ್ಟು ಆ ಗೋಡೆಯನ್ನೊಮ್ಮೆ ನೋಡಿ ಬನ್ನಿ. ಅದರಲ್ಲಿ ಸ್ವಿಚ್‌ಬೋರ್ಡ್ ಇದೆಯೆ? ಅದರ ಬೆನ್ನಿಗೇ ಆಚೆ ಮನೆಯವರದೂ ಒಂದು ಬೋರ್ಡ್ ಇದ್ದೀತೆ? ಹಾಗಿದ್ದರೆ ಗೋಡೆಯ ಕಿವಿ ಬಹುಮಟ್ಟಿಗೆ ಅಲ್ಲೇ ಇದೆ ಎಂದು ತಿಳಿಯಿರಿ.

ವಠಾರದಲ್ಲಿ, ಸಾಲುಮನೆಯಲ್ಲಿ, ನೌಕರರ ಕ್ವಾರ್ಟರ್ಸಿನಲ್ಲಿ, ಈಗೀಗ ನಮ್ಮ ಸಣ್ಣ ಊರುಗಳಲ್ಲೂ ಎದ್ದಿರುವ ಫ್ಲಾಟುಗಳಲ್ಲಿ ಸಂಸಾರ ಮಾಡುವ ನಮಗೆಲ್ಲ ಪಕ್ಕದ ಮನೆಯ ಸದ್ದು ಹೊಸದೇನಲ್ಲ. ಅವರ ಕುಕ್ಕರಿನ ವಿಷಲ್ ಲೆಕ್ಕ ಹಾಕಿ ನಮ್ಮ ಒಲೆ ಆರಿಸುವಷ್ಟು ಬಳಕೆಯಾಗಿರುತ್ತದೆ. ‘ತೆಳು ಗೋಡೆ, ಏನು ಮಾಡೋಕಾಗುತ್ತೆ?’ ಎಂದು ಸುಮ್ಮನಾಗುತ್ತೇವೆ. ಆದರೆ ಸದ್ದು ಕೇಳುವುದು ಬೇರೆ, ಮಾತು ಕೇಳುವುದು ಬೇರೆ. ಸದ್ದನ್ನು ಸಹಿಸಿಕೊಳ್ಳಬಹುದು. ನಾವು ಮನೆಯೊಳಗೆ ಆಡಿದ ಮಾತು ಅಕ್ಷರ ಅಕ್ಷರವಾಗಿ ಆಚೆ ಹೋಗುತ್ತಿದ್ದರೆ ಆ ಮನೆಯಲ್ಲಿ ಬದುಕುವುದು ಹೇಗೆ?

ಅಜ್ಜಿ ತಂದ ಗಂಜಿ

ನಮ್ಮದು ಸಾಗರದಲ್ಲಿ ನಾಲ್ಕು ಮನೆಗಳ ಒಂದು ಸಾಲು. ತಾರಸಿ ಮನೆ, ನಡುವೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಅವರ ಮಗ, ಸೊಸೆ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆಗೆ. ಅಜ್ಜಿಯ ಕಿವಿ ಇನ್ನೂ ಚುರುಕು. ಅವರ ಮಂಚ ಇರುವುದು ನಮ್ಮ ಹಿಂದಿನ ಕೋಣೆಯ ಗೋಡೆಗೆ ಒರಗಿ. ಈಚೆ ಬದಿಯಲ್ಲಿ ನಮ್ಮ ಮಗಳು ಬಂದಾಗ ಮಲಗುವ ಮಂಚವೂ ಅದೇ ಗೋಡೆಗೆ ತಾಗಿದೆ. ಎರಡು ಮಂಚಗಳ ತಲೆದೆಸೆಯಲ್ಲೂ, ಮೊಬೈಲ್ ಚಾರ್ಜಿಗೆ, ಬೆಡ್‌ಲ್ಯಾಂಪಿಗೆ ಅಂತ ಒಂದೊಂದು ಸ್ವಿಚ್‌ಬೋರ್ಡ್.

ಎರಡು ವರ್ಷದ ಹಿಂದೆ ಮಗಳು ಗಂಡನ ಮನೆಯಿಂದ ಬಂದಳು. ಮೂರು ತಿಂಗಳ ಬಸಿರು ನಿಲ್ಲಲಿಲ್ಲ. ಬಸಿರಾದ ಸುದ್ದಿಯನ್ನೇ ಇನ್ನೂ ಯಾರಿಗೂ ಹೇಳಿರಲಿಲ್ಲ, ಇನ್ನು ಹೋದ ಸುದ್ದಿಯನ್ನು ಯಾರಿಗೆ ಹೇಳುವುದು? ಹಗಲೆಲ್ಲ ಕಲ್ಲಿನ ಹಾಗೆ ಕೂತಿದ್ದವಳು ರಾತ್ರಿ ನನ್ನ ತೋಳಿನ ಮೇಲೆ ತಲೆಯಿಟ್ಟು, ಆಸ್ಪತ್ರೆಯಲ್ಲಿ ಆದದ್ದನ್ನೆಲ್ಲ ಹೇಳಿಕೊಂಡು ಅತ್ತಳು. ಕೂಗಿ ಅಳಲಿಲ್ಲ. ಗಂಟಲಲ್ಲೇ ಮಾತು, ಗಂಟಲಲ್ಲೇ ಅಳು.

ಮರುದಿನ ಬೆಳಿಗ್ಗೆ ಅಜ್ಜಿ ಒಂದು ಪಾತ್ರೆ ಗಂಜಿ ಹಿಡಿದು ಬಂದರು. ಬೆಲ್ಲ, ತೆಂಗಿನಕಾಯಿ ಹಾಲು ಹಾಕಿದ ಮೆಂತ್ಯದ ಗಂಜಿ. ಬಾಣಂತಿಗೆ ಮಾಡಿಕೊಡುವಂಥದು. ಮುಚ್ಚಳ ತೆಗೆದಾಗ ಬಂದ ವಾಸನೆಗೇ ಮಗಳ ಮುಖ ಬಿಳಿಚಿಕೊಂಡಿತು. ಒಂದು ಮಾತೂ ಆಡದೆ ಎದ್ದು ಒಳಗೆ ಹೋದಳು.

ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದರು. “ನಾನು ಕದ್ದು ಕೇಳಲಿಲ್ಲ ಮಾರಾಯ್ತಿ. ಮಂಚ ಅಲ್ಲೇ ಉಂಟಲ್ಲ, ಆ ಬೋರ್ಡಿನ ಒಳಗಿಂದ ನಿಮ್ಮ ಮಾತೆಲ್ಲ ಕಿವಿಗೇ ಬರ್ತದೆ. ಹೇಳ್ಬೇಕು ಹೇಳ್ಬೇಕು ಅಂತ ಎಷ್ಟು ದಿನದಿಂದ ನೋಡ್ತಿದ್ದೆ, ಬಾಯಿ ಬರಲಿಲ್ಲ. ಕೇಳಿಯೂ ಹೇಳದೆ ಇದ್ದರೆ ಅದೂ ಕದ್ದು ಕೇಳಿದ ಹಾಗೇ ಅಲ್ಲವಾ?” ಎಂದರು.

ಆ ಹಿರಿಯ ಜೀವದ ಮೇಲೆ ಹೇಗೆ ಕೋಪ ಮಾಡಿಕೊಳ್ಳುವುದು ಹೇಳಿ? ಗಂಜಿ ಕಾಯಿಸಿದ್ದು ಕರುಳಿನಿಂದ. ಆದರೆ ಮಗಳಿಗೆ ಆದ ನೋವೂ ಸುಳ್ಳಲ್ಲ. ಅಂದಿನಿಂದ ಅವಳು ಗಂಡನ ಹತ್ತಿರ ಫೋನಿನಲ್ಲಿ ಮಾತಾಡಬೇಕಾದರೆ ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಿದ್ದಳು. ತವರುಮನೆಗೆ ಬಂದ ಮಗಳು ನಲ್ಲಿಯ ಸದ್ದಿನ ಮರೆಯಲ್ಲಿ ಅಳಬೇಕೆ? ಆ ನೀರಿನ ಸದ್ದು ಕೇಳಿದಾಗಲೆಲ್ಲ ನನ್ನ ಹೊಟ್ಟೆ ಕಿವುಚುತ್ತಿತ್ತು. (ಇದನ್ನೆಲ್ಲ ಬರೆಯಬಹುದು ಎಂದು ಅವಳೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.)

ಗೋಡೆ ಗಟ್ಟಿ, ತೂತು ಸಣ್ಣದು

ಗೋಡೆ ತೆಳುವಾದ್ದರಿಂದಲೇ ಹೀಗೆ ಎಂದು ನಮ್ಮನೆಯವರು ಮೊದಲು ಹೇಳಿದರು. ಆದರೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎರಡೂ ಕಡೆ ಗಾರೆ ಮಾಡಿದ್ದರೆ ಅಷ್ಟೊಂದು ಬಡವೇನೂ ಅಲ್ಲ. ಸದ್ದನ್ನು ಅಳೆಯುವ ಲೆಕ್ಕಕ್ಕೆ ಡೆಸಿಬಲ್ ಎನ್ನುತ್ತಾರೆ. ಟೆಲಿಫೋನಿನ ಗ್ರಹಾಂ ಬೆಲ್ ಅವರ ಹೆಸರಿನಿಂದ ಬಂದ ಮಾತು ಅದು. ನಾವು ಎದುರೆದುರು ಕೂತು ಸಹಜವಾಗಿ ಮಾತಾಡಿದರೆ ಸುಮಾರು 60 ಡೆಸಿಬಲ್. ಅಂಥ ಗೋಡೆ ಅದರಲ್ಲಿ 45ರಷ್ಟನ್ನು ತಡೆಯುತ್ತದೆ. ಉಳಿಯುವ 15 ಡೆಸಿಬಲ್ ಫ್ಯಾನಿನ ಸದ್ದಿನಲ್ಲೇ ಮುಳುಗಿಹೋಗುತ್ತದೆ.

ಹಾಗಾದರೆ ಮಾತು ಹೋದದ್ದು ಹೇಗೆ? ನಿಮ್ಮ ಕುಕ್ಕರನ್ನೇ ನೆನಪಿಸಿಕೊಳ್ಳಿ. ಪಾತ್ರೆ ಎಷ್ಟೇ ದಪ್ಪವಿರಲಿ, ಗ್ಯಾಸ್ಕೆಟ್ ಒಂದು ಕಡೆ ಸೀಳಿದ್ದರೆ ಹಬೆಯೆಲ್ಲ ಅಲ್ಲೇ ಹೋಗುತ್ತದೆ, ವಿಷಲ್ ಬರುವುದಿಲ್ಲ. ಸದ್ದಿನ ಸ್ವಭಾವವೂ ಹಾಗೇ. ಗಾಳಿ ನುಗ್ಗುವಲ್ಲಿ ಅದೂ ನುಗ್ಗುತ್ತದೆ. ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಯಲ್ಲಿ ಬರೀ ಒಂದು ಚದರ ಇಂಚಿನ ತೂತು ಆಚೆಗೂ ಈಚೆಗೂ ತೆರೆದಿದ್ದರೆ, ಲೆಕ್ಕದ ಪ್ರಕಾರ 45 ತಡೆಯುತ್ತಿದ್ದ ಗೋಡೆ 40ಕ್ಕೆ ಇಳಿಯುತ್ತದೆ. ಹತ್ತು ಚದರ ಇಂಚು ತೆರೆದಿದ್ದರೆ 31ರ ಹತ್ತಿರಕ್ಕೆ ಬರುತ್ತದೆ. ಹತ್ತು ಡೆಸಿಬಲ್ ಹೆಚ್ಚಾದರೆ ನಮ್ಮ ಕಿವಿಗೆ ಸದ್ದು ಇಮ್ಮಡಿಯಾದ ಹಾಗೆ ಕೇಳುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ, ತೂತಿನಿಂದ ಒಂದಡಿ ದೂರದಲ್ಲಿ ತಲೆಯಿಟ್ಟು ಮಲಗಿದವರಿಗೆ ಕೇಳದೆ ಇದ್ದೀತೆ?

ಈ ತೂತು ಬಂದದ್ದಾದರೂ ಎಲ್ಲಿಂದ? ಹಿಂದೆ ಮನೆಗಳಲ್ಲಿ ವೈರು ಗೋಡೆಯ ಮೇಲೆಯೇ ಮರದ ಪಟ್ಟಿಯ ಮೇಲೆ ಓಡುತ್ತಿತ್ತು. ಮರದ ಬೋರ್ಡಿಗೆ ಕರಿಯ ಸ್ವಿಚ್ಚು. ಬೋರ್ಡನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸುತ್ತಿದ್ದರು, ಗೋಡೆಗೆ ದೊಡ್ಡ ಗಾಯವಾಗುತ್ತಿರಲಿಲ್ಲ. ಈಗ ಎಲ್ಲವೂ ಗೋಡೆಯ ಒಳಗೆ. ನೋಡಲು ಚೆಂದ, ಒರೆಸಲು ಸುಲಭ, ಸರಿ. ಆದರೆ ಅದಕ್ಕಾಗಿ ಗೋಡೆ ಕೊರೆದು ಸುಮಾರು ಎರಡಿಂಚು ಆಳದ ತಗಡಿನ ಡಬ್ಬಿ ಕೂರಿಸಬೇಕು. ಆಚೆಯಿಂದ ಎರಡಿಂಚು, ಈಚೆಯಿಂದ ಎರಡಿಂಚು ಹೋದರೆ, ಗಾರೆಯೂ ಸೇರಿ ಐದೂವರೆ ಇಂಚಿನ ಗೋಡೆಯಲ್ಲಿ ಉಳಿಯುವುದು ಎಷ್ಟು? ಉಳಿ ಸುತ್ತಿಗೆಯ ಏಟಿಗೆ ಆ ಒಂದೂವರೆ ಇಂಚೂ ಉದುರಿಹೋಗುತ್ತದೆ. ಮೇಲೆ ಬಿಳಿಯ ಪ್ಲೇಟು ಮುಚ್ಚಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ತೆಳು ಪ್ಲಾಸ್ಟಿಕ್ ಹಾಳೆಗಳ ನಡುವೆ ಬರೀ ಬಯಲು!

ಕೇಳುತ್ತದೆಯೇ ಎಂದು ನೋಡುವ ಬಗೆ

ನಿಮ್ಮ ಮನೆಯಲ್ಲಿ ಹೀಗಿದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಸಂಜೆ ಗಾಳಿ ಬೀಸುವಾಗ ಫ್ಯಾನು ಆರಿಸಿ, ಊದುಬತ್ತಿ ಹಚ್ಚಿ ಬೋರ್ಡಿನ ಅಂಚಿನ ಬಳಿ ಹಿಡಿಯಿರಿ. ಹೊಗೆ ನೇರ ಮೇಲೇರುವ ಬದಲು ಒಳಗೆ ಎಳೆದುಕೊಂಡರೆ ಅಥವಾ ಹೊರಗೆ ತಳ್ಳಿದರೆ ಅಲ್ಲಿ ಗಾಳಿಯ ದಾರಿಯಿದೆ. ಆಚೆ ಮನೆಯ ಒಗ್ಗರಣೆಯ ವಾಸನೆ ಬೋರ್ಡಿನ ಬಳಿ ಹೆಚ್ಚಾಗಿ ಬರುತ್ತದೆಯೇ? ಇರುವೆ, ಜಿರಲೆ ಸ್ವಿಚ್ಚಿನ ಸಂದಿನಿಂದ ಬರುತ್ತವೆಯೇ? ಅವೂ ಅದೇ ದಾರಿಯ ಗುರುತು.

ಇನ್ನೊಂದು ಪರೀಕ್ಷೆಗೆ ಆಚೆ ಮನೆಯವರ ಸಹಾಯ ಬೇಕು. ಒಬ್ಬರು ಈಚೆ ಕೂತು ದಿನಪತ್ರಿಕೆಯನ್ನು ಸಹಜ ದನಿಯಲ್ಲಿ ಓದುತ್ತಾ ಹೋಗಬೇಕು. ಆಚೆ ಒಬ್ಬರು ಗೋಡೆಯುದ್ದಕ್ಕೂ ಕಿವಿಯಿಟ್ಟು ನಡೆಯಬೇಕು. ಬೋರ್ಡಿನ ಬಳಿ ಬಂದಾಗ ಗೊಣಗು ಮಾತಾಗಿ ಬದಲಾದರೆ ತೂತು ಸಿಕ್ಕಿತು ಎಂದೇ ಅರ್ಥ. ನಮ್ಮಲ್ಲಿ ನಾನು ಅಡಿಕೆ ಧಾರಣೆ ಓದಿದೆ. ಅಜ್ಜಿ ಆಚೆಯಿಂದ ರಾಶಿ ಇಷ್ಟು, ಬೆಟ್ಟೆ ಇಷ್ಟು ಎಂದು ಒಂದೂ ತಪ್ಪದೆ ಒಪ್ಪಿಸಿದರು.

ಈ ಪರೀಕ್ಷೆ ಮಾಡಬೇಕಾದರೆ ಮೊದಲು ‘ನಿಮ್ಮ ಮಾತು ನಮಗೆ ಕೇಳುತ್ತದೆ’ ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕಲ್ಲ! ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ನಮಗೆ ಅವರದು ಕೇಳುತ್ತಿದ್ದರೆ ಅವರಿಗೂ ನಮ್ಮದು ಕೇಳುತ್ತಿರುತ್ತದೆ. ಇಬ್ಬರಿಗೂ ಗೊತ್ತು, ಇಬ್ಬರೂ ಗೊತ್ತಿಲ್ಲದಂತೆ ಇರುತ್ತೇವೆ. ನಮ್ಮ ಅಜ್ಜಿಯ ಹಾಗೆ ಒಬ್ಬರು ಧೈರ್ಯ ಮಾಡಬೇಕು. ‘ನೀವು ಜೋರಾಗಿ ಮಾತಾಡುತ್ತೀರಿ’ ಎಂದು ಶುರುಮಾಡಿದರೆ ಜಗಳ. ‘ಗೋಡೆಯಲ್ಲಿ ತೂತಿದೆ, ನಮ್ಮದೂ ನಿಮಗೆ ಕೇಳುತ್ತಿರಬೇಕು’ ಎಂದು ಶುರುಮಾಡಿ ನೋಡಿ. ತಪ್ಪು ಗೋಡೆಯದಾಗುತ್ತದೆ, ಯಾರ ಮರ್ಯಾದೆಗೂ ಕುಂದಿಲ್ಲ.

ಎರಡೂ ಮನೆಯ ಮೇನ್ ಆರಲಿ

ಇನ್ನು ರಿಪೇರಿಯ ಮಾತು. ಬೋರ್ಡನ್ನು ನೀವಾಗಿ ಬಿಚ್ಚಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನೇ ಕರೆಸಿ. ಯಾಕೆ ಹೇಳುತ್ತೇನೆಂದರೆ, ನಮ್ಮ ಮನೆಯಲ್ಲಿ ಮೇನ್ ಆರಿಸಿಯೇ ಬಿಚ್ಚಿದ್ದು. ಆದರೂ ಡಬ್ಬಿಯ ಹಿಂದಿನ ಒಡಕಿನಲ್ಲಿ ಒಂದು ವೈರಿಗೆ ಟೆಸ್ಟರ್ ಇಟ್ಟಾಗ ದೀಪ ಉರಿಯಿತು! “ಅಮ್ಮಾ, ನಿಮ್ಮ ಕರೆಂಟು ಆಫ್ ಇದೆ. ಇದು ಆಚೆ ಮನೆಯದು” ಎಂದು ಹುಡುಗ ಕೈ ಹಿಂದೆ ತೆಗೆದ. ಗೋಡೆ ಒಂದಾದಾಗ ಒಂದೇ ಮನೆಯ ಮೇನ್ ಆರಿಸಿದರೆ ಸಾಲದು, ಎರಡೂ ಮನೆಯದು ಆರಬೇಕು. ಇನ್‌ವರ್ಟರ್ ಇದ್ದರೆ ಅದನ್ನೂ ಬೇರೆಯಾಗಿ ಆಫ್ ಮಾಡಿಸಬೇಕು. ಮೇನ್ ಆರಿದೊಡನೆ ಅದು ತಾನಾಗಿ 230 ವೋಲ್ಟ್ ಕೊಡಲು ಶುರುಮಾಡುತ್ತದೆ ಎನ್ನುವುದು ಎಷ್ಟೋ ಜನರಿಗೆ ನೆನಪಾಗುವುದಿಲ್ಲ. ಆದ್ದರಿಂದ ಪಕ್ಕದವರೊಡನೆ ಮಾತು ಬಿಟ್ಟಿರುವ ಮನೆಯವರು ಮೊದಲು ಮಾತು ಕೂಡಿಸಿಕೊಳ್ಳಿ. ಒಬ್ಬರೇ ಈ ತೂತನ್ನು ಕ್ಷೇಮವಾಗಿ ಮುಚ್ಚಲಾರಿರಿ.

ಒಂದು ಭಾನುವಾರ ಎರಡೂ ಮನೆಯ ಅಡುಗೆ ಬೆಳಿಗ್ಗೆ ಎಂಟಕ್ಕೇ ಮುಗಿಸಿ ಕೆಲಸ ಹಿಡಿಸಿದೆವು. ಎಲೆಕ್ಟ್ರಿಷಿಯನ್ ಮತ್ತು ಗಾರೆ ಕೆಲಸದವರು ಸೇರಿ ಮಾಡಿದ್ದು ಹೀಗೆ:

ಮೊದಲು ನಮ್ಮ ಬೋರ್ಡಿನ ವೈರುಗಳನ್ನು ಬಿಡಿಸಿ, ಎರಡೂವರೆ ಅಡಿ ಪಕ್ಕಕ್ಕೆ ಹೊಸ ಡಬ್ಬಿ ಕೂರಿಸಿದರು. ಎದುರು ಬದುರು ಇದ್ದ ಡಬ್ಬಿಗಳು ಓರೆಯಾದವು. ನನ್ನ ತಂಗಿಯ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಮನೆ ಮನೆಯ ನಡುವೆ ಇಟ್ಟಿಗೆಯಿಲ್ಲ, ಮರದ ಚೌಕಟ್ಟಿಗೆ ಎರಡೂ ಕಡೆ ಜಿಪ್ಸಂ ಹಲಗೆ ಹೊಡೆದಿರುತ್ತಾರೆ, ಒಳಗೆ ಟೊಳ್ಳು. ಬೆಂಕಿ ಬಿದ್ದರೆ ತೂತಿನಿಂದ ಪಕ್ಕದ ಮನೆಗೆ ದಾಟಬಾರದೆಂದು, ಆಚೆ ಈಚೆಯ ಡಬ್ಬಿಗಳ ನಡುವೆ 24 ಇಂಚು ಅಂತರ ಇರಬೇಕು, ಇಲ್ಲವಾದರೆ ಡಬ್ಬಿಗೆ ಬೆಂಕಿ ತಡೆಯುವ ಹೊದಿಕೆಯೋ ಅಂಥದೇ ಬೇರೆ ರಕ್ಷಣೆಯೋ ಬೇಕು ಎಂದು ಅಲ್ಲಿನ ಕಟ್ಟಡ ನಿಯಮದಲ್ಲೇ ಇದೆ. ಬೆಂಕಿಗೆ ಮಾಡಿದ ಅಡ್ಡಿ ಸದ್ದಿಗೂ ಅಡ್ಡಿಯಾಗುತ್ತದೆ. ನಮ್ಮ ಇಟ್ಟಿಗೆ ಗೋಡೆಗೂ ಆ ಎರಡಡಿಯ ಅಂತರ ಒಳ್ಳೆಯ ಅಳತೆಯೇ.

ಆಮೇಲೆ ನಮ್ಮ ಹಳೆಯ ಗುಂಡಿಯ ಡಬ್ಬಿಯನ್ನೇ ಕಿತ್ತುಹಾಕಿ, ಒಳಗಿನ ಪುಡಿ ಕೆರೆದು, ನೀರು ಚಿಮುಕಿಸಿ, ಇಟ್ಟಿಗೆ ಚೂರು ಮತ್ತು ಸಿಮೆಂಟು ಗಾರೆಯಿಂದ ಸಂದಿಲ್ಲದಂತೆ ತುಂಬಿದರು. ಮೇಲೆ ತೇಪೆ ಹಚ್ಚಿದರೆ ಪ್ರಯೋಜನವಿಲ್ಲ, ಗೋಡೆಯ ಪೂರ್ತಿ ದಪ್ಪಕ್ಕೂ ತುಂಬಬೇಕು. ಅಜ್ಜಿಯ ಬೋರ್ಡ್ ಇದ್ದಲ್ಲೇ ಉಳಿಯಿತು. ಅದರ ಡಬ್ಬಿಯ ಸುತ್ತ, ಹಿಂದೆ ಗಾರೆ ಬಿಗಿದರು. ವೈರು ಬರುವ ಪೈಪಿನ ಬಾಯಿಗೆ, ಉಪಯೋಗವಿಲ್ಲದ ತೂತುಗಳಿಗೆ, ಕರೆಂಟು ಕೆಲಸಕ್ಕೆಂದೇ ಬರುವ ಬೆಂಕಿ ಹಿಡಿಯದ ಪುಟ್ಟಿ ಮೆತ್ತಿದರು. ಇದು ಹಿಟ್ಟಿನ ಹದದಲ್ಲಿರುತ್ತದೆ, ಬೇಕೆಂದಾಗ ಕಿತ್ತು ತೆಗೆಯಬಹುದು. ಗೋಡೆಗೆ ಬಣ್ಣಕ್ಕೆ ಮುಂಚೆ ಬಳಿಯುವ ಪುಟ್ಟಿ ಬೇರೆ, ಅಂಗಡಿಯಲ್ಲಿ ಬಿಡಿಸಿ ಕೇಳಿ. ಕೊನೆಗೆ ಡಬ್ಬಿಗೂ ಗಾರೆಗೂ ನಡುವಿನ ಕೂದಲೆಳೆಯ ಸಂದಿಗೆ ಅಕ್ರಿಲಿಕ್ ಸೀಲೆಂಟ್ ಎಳೆದರು.

ಗಾರೆ ಚೆನ್ನಾಗಿ ಒಣಗುವವರೆಗೆ ಆ ಬೋರ್ಡಿಗೆ ಕರೆಂಟು ಕೊಡಲಿಲ್ಲ. ಅಷ್ಟು ದಿನ ಅಜ್ಜಿ ತಲೆದೆಸೆಯಲ್ಲಿ ಬ್ಯಾಟರಿ ಇಟ್ಟುಕೊಂಡು ಮಲಗಿದರು.

ಇವನ್ನು ತುರುಕಬೇಡಿ

ಬೋರ್ಡಿನ ಒಳಗೆ ಹತ್ತಿ, ಹಳೇ ಬಟ್ಟೆ, ಪೇಪರು, ಥರ್ಮೋಕೋಲ್ ತುರುಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಡಿಲವಾದ ವೈರು ಕಾದರೆ ಮೊದಲು ಹೊತ್ತಿಕೊಳ್ಳುವುದು ಇವೇ. ಮೇಲಾಗಿ ಇವುಗಳಿಂದ ಸದ್ದೂ ನಿಲ್ಲುವುದಿಲ್ಲ. ಡಬ್ಬಿಯ ಹೊಟ್ಟೆಗೆ ಸಿಮೆಂಟು ತುಂಬಿಸುವುದೂ ಬೇಡ, ಮುಂದೆ ವೈರು ಬದಲಿಸಲು ಆಗುವುದಿಲ್ಲ. ಬುರುಗಿನಂತೆ ಉಬ್ಬುವ ಫೋಮ್ ಸ್ಪ್ರೇ ಕೂಡ ಡಬ್ಬಿಯೊಳಗೆ ಬೇಡ.

ಮೆತ್ತನೆಯದು ಸದ್ದನ್ನು ಹೀರುತ್ತದಲ್ಲ ಎಂದು ಕೇಳುತ್ತೀರೇನೋ. ಹೀರುತ್ತದೆ, ಆದರೆ ಕೋಣೆಯ ಒಳಗೆ ಮೊಳಗುವುದನ್ನು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕರಿಗೆ, ಮಾತು ಮೊಳಗಿ ಕಲಸಿಹೋಗುತ್ತಿದ್ದ ಒಂದು ಉಪನ್ಯಾಸದ ಕೊಠಡಿಯನ್ನು ಸರಿಪಡಿಸುವ ಕೆಲಸ ಬಿತ್ತು. ಅವರು ಹತ್ತಿರದ ಸಭಾಂಗಣದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಎಷ್ಟು ಮೆತ್ತೆಗೆ ಮೊಳಗು ಎಷ್ಟು ಬೇಗ ಅಡಗುತ್ತದೆ ಎಂದು ರಾತ್ರಿಯೆಲ್ಲ ಅಳೆದರು. ಮೆತ್ತೆಯ ಗುಣ ಅದು. ಅದು ಪಕ್ಕದ ಕೋಣೆಗೆ ಹೋಗುವ ಸದ್ದನ್ನು ತಡೆಯುವ ಬಾಗಿಲಲ್ಲ. ಸದ್ದು ಆಚೆ ಹೋಗಬಾರದೆಂದರೆ ಅಡ್ಡ ಇರುವುದು ಭಾರವಾಗಿರಬೇಕು, ಸಂದಿಲ್ಲದಿರಬೇಕು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೂ, ದಪ್ಪ ಪರದೆ ಇಳಿಬಿಟ್ಟರೂ ತೂತಿನ ಮಾತು ತೂತಿನಲ್ಲಿ ಹೋಗುತ್ತಲೇ ಇರುತ್ತದೆ.

ಬಾಡಿಗೆ ಮನೆ, ಗೋಡೆ ಒಡೆಯಲು ಮಾಲೀಕರು ಒಪ್ಪುವುದಿಲ್ಲ ಎನ್ನುವ ಸೋದರಿಯರಿಗೆ ಕಾಸಿಲ್ಲದ ಒಂದು ಉಪಾಯವಿದೆ. ಮಂಚ ಸರಿಸಿ! ಬಾಯಿ, ಕಿವಿ ಎರಡೂ ಬೋರ್ಡಿನಿಂದ ದೂರವಾದಷ್ಟು ಒಳ್ಳೆಯದು. ತೂತಿನಿಂದ ಒಂದಡಿ ದೂರದಲ್ಲಿದ್ದ ಕಿವಿ ನಾಲ್ಕಡಿ ದೂರಕ್ಕೆ ಹೋದರೆ, ನೇರವಾಗಿ ಬರುವ ಸದ್ದು ಸುಮಾರು 12 ಡೆಸಿಬಲ್ ಇಳಿಯುತ್ತದೆ. ಅದರ ಜೊತೆಗೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಪುಟ್ಟಿ, ಸೀಲೆಂಟ್ ಹಾಕಿಸಿಕೊಂಡರೆ ಅರ್ಧ ಕೆಲಸವಾದರೂ ಆಗುತ್ತದೆ. ಇದಕ್ಕೆ ಮಾಲೀಕರಿಗೆ ಒಂದು ಮಾತು ಹೇಳಿದರೆ ಸಾಕು.

ತಲೆಯೆತ್ತಿಯೂ ನೋಡಿ

ಬೋರ್ಡ್ ಮುಚ್ಚಿದರೂ ಮಾತು ಹೋಗುತ್ತಿದ್ದರೆ ಅದಕ್ಕಿಂತ ದೊಡ್ಡ ದಾರಿ ಬೇರೆಲ್ಲೋ ಇದೆ. ಹೆಂಚಿನ ಸಾಲುಮನೆಗಳಲ್ಲಿ ಎಷ್ಟೋ ಕಡೆ ನಡುಗೋಡೆ ಮಾಡಿನ ತುದಿಯವರೆಗೆ ಹೋಗಿರುವುದೇ ಇಲ್ಲ. ಅಟ್ಟದ ಮೇಲೆ ಹತ್ತಿ ನೋಡಿದರೆ ಈ ಮನೆಯಿಂದ ಆ ಮನೆಯ ಅಟ್ಟ ಕಾಣುತ್ತದೆ. ಅಲ್ಲಿ ಗೋಡೆ ಎಬ್ಬಿಸದೆ ಬೋರ್ಡಿಗೆ ಪುಟ್ಟಿ ಮೆತ್ತುವುದು, ತಳವಿಲ್ಲದ ಕೊಡಕ್ಕೆ ಮುಚ್ಚಳ ಹುಡುಕಿದ ಹಾಗೆ. ಕೇಬಲ್ ಟಿ.ವಿ. ವೈರಿಗೆ ಕೊರೆದು ಹಾಗೇ ಬಿಟ್ಟ ತೂತು, ನೀರಿನ ಪೈಪಿನ ಸುತ್ತಲ ಸಂದು, ಗೋಡೆಯೊಳಗಿನ ಗೂಡು, ಕಪಾಟು ಎಲ್ಲವನ್ನೂ ನೋಡಿ. ದೊಡ್ಡ ತೂತು ಮೊದಲು, ಸಣ್ಣದು ಆಮೇಲೆ.

ಇನ್ನೊಂದು ಮಾತು. ಬೋರ್ಡ್ ಮುಚ್ಚಿದರೆ ಆಚೆ ಮನೆಯ ಗ್ರೈಂಡರಿನ ಗುಡುಗುಡು, ಮೇಲಂತಸ್ತಿನ ಮಕ್ಕಳ ಓಟ, ಕುರ್ಚಿ ಎಳೆಯುವ ಸದ್ದು ನಿಲ್ಲುವುದಿಲ್ಲ. ಅವು ಗಾಳಿಯಲ್ಲಿ ಬರುವಂಥವಲ್ಲ. ನೆಲ, ಗೋಡೆಯೇ ನಡುಗಿ ಹೊತ್ತು ತರುವಂಥವು. ಅದಕ್ಕೆ ಗ್ರೈಂಡರನ್ನು ಗೋಡೆಯಿಂದ ಸರಿಸಿ ಕೆಳಗೆ ದಪ್ಪ ರಬ್ಬರ್ ಹಾಸುವುದು, ಕುರ್ಚಿಯ ಕಾಲಿಗೆ ರಬ್ಬರ್ ಟೊಪ್ಪಿ ಹಾಕುವುದು, ಇಂಥದೇ ಮದ್ದು. ಸಂದಿನಲ್ಲಿ ನುಸುಳುವುದು ಮುಖ್ಯವಾಗಿ ತೆಳು ದನಿ. ಸ, ಚ, ತ, ಕ ಇಂಥ ಅಕ್ಷರಗಳ ಚೂಪು ಅದರಲ್ಲೇ ಇರುವುದು. ಅದನ್ನು ತಡೆದರೆ ಸದ್ದು ಉಳಿದರೂ ಮಾತಿನ ಅರ್ಥ ಉಳಿಯುವುದಿಲ್ಲ.

ನಮ್ಮಲ್ಲಿ ಆದದ್ದೂ ಅದೇ. ಗಾರೆ ಒಣಗಿದ ಮೇಲೆ ಮತ್ತೆ ಅಡಿಕೆ ಧಾರಣೆ ಓದಿದೆ. ಅಜ್ಜಿ ಬಂದು ಹೇಳಿದರು: “ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗ್ತದೆ. ಏನು ಅಂತ ಗೊತ್ತಾಗುದಿಲ್ಲ.” ನಮಗೆ ಬೇಕಾದದ್ದು ಅಷ್ಟೇ ತಾನೆ? ಅದೇ ದಿನ ರಾತ್ರಿ ಮಗಳು ಗಂಡನಿಗೆ ಫೋನ್ ಮಾಡಿದಳು, ಕೋಣೆಯಲ್ಲೇ, ಮಂಚದ ಮೇಲೆ ಕೂತು. ಬಚ್ಚಲ ನಲ್ಲಿ ಬಿಡಲಿಲ್ಲ.

ಮುಚ್ಚಿದ ಮೇಲೂ ಒಂದು ದಾರಿ

ಗೋಡೆಯ ಕಿವಿ ಮುಚ್ಚುವಾಗ ನನಗೊಂದು ಅಳುಕಿತ್ತು. ಹಗಲೆಲ್ಲ ಅಜ್ಜಿ ಒಬ್ಬರೇ. ಒಮ್ಮೆ ಅವರು ಬಚ್ಚಲ ಬಳಿ ಜಾರಿ ಬಿದ್ದು ಹೇಗೋ ತೆವಳಿ ಮಂಚದವರೆಗೆ ಬಂದು ಕರೆದಾಗ, ಓಡಿಹೋಗಿ ಎತ್ತಿದ್ದು ನಾನು. ಅಂದು ಅವರ ಕ್ಷೀಣ ದನಿ ನನಗೆ ಕೇಳಿಸಿದ್ದು ಇದೇ ಬೋರ್ಡಿನ ಮೂಲಕ ಇರಬೇಕು. ಮುಚ್ಚಿದ ಮೇಲೆ ಅವರು ಕರೆದರೆ ಕೇಳುವವರು ಯಾರು?

ಇದನ್ನು ಅವರ ಸೊಸೆಯ ಹತ್ತಿರ ಹೇಳಿದೆ. ಆಕೆ ಮರುವಾರವೇ ವೈರಿಲ್ಲದ ಕರೆಗಂಟೆಯೊಂದನ್ನು ತಂದಳು. ಕೆಲವು ನೂರು ರೂಪಾಯಿಯದು. ಒತ್ತುವ ಗುಂಡಿ ಅಜ್ಜಿಯ ಸೊಂಟದಲ್ಲಿ, ಬೀಗದಕೈ ಗೊಂಚಲಿನ ಜೊತೆ. ಗಂಟೆ ನಮ್ಮ ಅಡುಗೆಮನೆಯಲ್ಲಿ. ಮೊದಲು ನಾನು ಕೇಳಬಾರದ್ದೆಲ್ಲ ಕೇಳುತ್ತಿತ್ತು, ಬೇಕಾದದ್ದು ಕೇಳಿದರೆ ಕೇಳಿತು, ಇಲ್ಲವಾದರೆ ಇಲ್ಲ. ಈಗ ಅವರು ಕರೆದಾಗ ಮಾತ್ರ, ಕರೆದಾಗಲೆಲ್ಲ ಕೇಳುತ್ತದೆ. ನಿಮ್ಮ ಪಕ್ಕದಲ್ಲೂ ವಯಸ್ಸಾದವರು ಒಬ್ಬರೇ ಇರುವವರಾಗಿದ್ದರೆ ತೂತು ಮುಚ್ಚುವ ದಿನವೇ ಇಂಥದೊಂದು ಏರ್ಪಾಡನ್ನೂ ಮಾಡಿಬಿಡಿ. ವಾರಕ್ಕೊಮ್ಮೆ ಒತ್ತಿಸಿ ನೋಡಿ, ಬ್ಯಾಟರಿ ಮುಗಿದಿರುತ್ತದೆ.

ಮನೆ ಕಟ್ಟಿಸುತ್ತಿರುವವರಿಗೆ, ಹಳೇ ಮನೆಗೆ ಹೊಸ ವೈರಿಂಗ್ ಮಾಡಿಸುವವರಿಗೆ ಕೊನೆಯದಾಗಿ ಎರಡು ಮಾತು. ಗೋಡೆ ಕೊರೆಯುವ ಮೊದಲೇ ಸೀಮೆಸುಣ್ಣದಲ್ಲಿ ಬೋರ್ಡಿನ ಜಾಗ ಗುರುತು ಹಾಕುತ್ತಾರಲ್ಲ, ಆಗ ನೀವೇ ಎದುರು ನಿಲ್ಲಿ. ಪಕ್ಕದ ಮನೆಯ ಗೋಡೆಗೆ ಬೋರ್ಡೇ ಬೇಡ, ಬೇರೆ ಗೋಡೆಗೆ ಹಾಕಿ ಎನ್ನಿ. ಬೇಕೇ ಬೇಕಾದರೆ ಆಚೆಯವರ ಬೋರ್ಡ್ ಎಲ್ಲಿದೆ ಎಂದು ಕೇಳಿ ತಿಳಿದು ಎರಡಡಿಯಾದರೂ ಓರೆಗೆ ಹಾಕಿಸಿ. ಸಾಧ್ಯವಾದರೆ ನಡುಗೋಡೆಯನ್ನು ಒಂಬತ್ತಿಂಚು ಕಟ್ಟಿಸಿ. ಅಡುಗೆಮನೆಯ ಕಟ್ಟೆ ಎಷ್ಟೆತ್ತರ, ದೇವರಮನೆಗೆ ಯಾವ ಕಲ್ಲು ಎಂದು ನಮ್ಮನ್ನು ಕೇಳುವ ಗಂಡಸರು ಸ್ವಿಚ್‌ಬೋರ್ಡಿನ ಮಾತು ಬಂದಾಗ ನಮ್ಮನ್ನು ಕೇಳುವುದಿಲ್ಲ. ಕೇಳದಿದ್ದರೂ ಹೇಳಿ. ಆ ಗೋಡೆಯ ಪಕ್ಕದಲ್ಲಿ ಹಗಲೂ ರಾತ್ರಿ ಇರುವವರು ನಾವು. ನಮ್ಮ ಹೆಣ್ಣುಮಕ್ಕಳು ಅಳು ಬಂದಾಗ ಬಂದು ಒರಗುವುದೂ ಅದೇ ಗೋಡೆಗೆ.